ಗೋವೆಯ ನೇರಬೀದಿ: ಕೊಡೆ ಹಿಡಿದವರ ಚರಿತ್ರೆ

1596ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾರ್ನೆಲಿಸ್ ಕ್ಲಾಸ್ ಎಂಬ ಪ್ರಕಾಶಕ ಹೊರತಂದ ಪ್ರವಾಸಕಥನವೊಂದರಲ್ಲಿ ಗೋವೆಯ ಪೇಟೆಯ ಚಿತ್ರವಿದೆ. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರ. ಬದಿಗಳಲ್ಲಿ ಮನೆಗಳ ಸಾಲು, ನಡುವೆ ಅಗಲವಾದ ಬಯಲು, ಬಯಲ ತುಂಬ ಜನ. ಕುದುರೆಯೇರಿದ ಶ್ರೀಮಂತ, ಅವನ ತಲೆಗೆ ನೆರಳಾಗಿ ದೊಡ್ಡ ಕೊಡೆ, ಆ ಕೊಡೆಯ ಕೋಲು ಹಿಡಿದು ಜೊತೆಗೆ ನಡೆಯುವ ಆಳು. ಬೋಯಿಗಳ ಹೆಗಲೇರಿದ ಪಲ್ಲಕ್ಕಿ. ಅಲ್ಲಲ್ಲಿ ಗುಂಪುಗೂಡಿ ಮಾತಿಗೆ ನಿಂತ ಪೋರ್ಚುಗೀಸರು. ಕೂಗಿ ಮಾಲು ಮಾರುವವರು. ಆ ಮಾಲಿನ ನಡುವೆ, ತಾವೂ ಮಾಲಾಗಿ ನಿಂತ ಮನುಷ್ಯರು. ದಿನವೂ ಬೆಳಿಗ್ಗೆ ಗೋವೆಯ ನೇರಬೀದಿಯಲ್ಲಿ ನಡೆಯುತ್ತಿದ್ದ ಲಿಲಾವು ಇದು. ಪೋರ್ಚುಗೀಸ್ ಗೋವೆಯ ವೈಭವವನ್ನು ಹೇಳುವ ಪುಸ್ತಕಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಅಚ್ಚಾಗಿದೆ, ಬಹುಮಟ್ಟಿಗೆ ಸಂಪತ್ತಿನ ಸಾಕ್ಷಿಯಾಗಿ. ಆದರೆ ಆ ಊರನ್ನು ಜಗತ್ತಿಗೆಲ್ಲ ಹೆಸರುವಾಸಿ ಮಾಡಿದ ಮೆಣಸು, ದಾಲ್ಚಿನ್ನಿ, ಲವಂಗಗಳ ರಾಶಿ ಈ ಚಿತ್ರದ ವಿಷಯವೇ ಅಲ್ಲ, ಹಡಗುಗಳೂ ಅಲ್ಲ. ಇಲ್ಲಿ ಎದ್ದು ಕಾಣುವುದು ಕೆಲವರ ದೊಡ್ಡಸ್ತಿಕೆ, ಮತ್ತು ಆ ದೊಡ್ಡಸ್ತಿಕೆಯನ್ನು ಹೊತ್ತು ನಿಂತ ಇನ್ನು ಕೆಲವರ ಮೈ. ಗೋವೆ ಎಂಬ ಬಂದರು ನಗರ ನಡೆದದ್ದು ಈ ಎರಡನೆಯವರ ದುಡಿಮೆಯಿಂದ, ಮತ್ತು ಚಿತ್ರದ ಚೌಕಟ್ಟಿನೊಳಗೆ ಬಾರದೇ ಹೋದ ಮೂರನೆಯವರ ಅನ್ನದಿಂದ ಎಂಬುದು ನನ್ನ ವಾದ. ಚಿತ್ರವನ್ನು ನಡುವಿನಿಂದ ಅಂಚಿಗೆ ಓದದೆ ಅಂಚಿನಿಂದ ನಡುವಿಗೆ ಓದಿದರೆ ಇದಕ್ಕೆ ಬೇಕಾದ ಪುರಾವೆ ಅಲ್ಲಿಯೇ ಸಿಗುತ್ತದೆ.

ಆ ಪ್ರವಾಸಕಥನದ ಹೆಸರು ‘ಇಟಿನೆರಾರಿಯೊ’. ಬರೆದವನು ಯಾನ್ ಹಾಯ್ಗೆನ್ ವಾನ್ ಲಿನ್ಸ್‌ಕೋಟೆನ್ ಎಂಬ ಡಚ್ಚ. ಹಾಲೆಂಡಿನ ಎಂಖಾಯ್ಜೆನ್ ಎಂಬ ಸಣ್ಣ ಬಂದರಿನಲ್ಲಿ ಬೆಳೆದ ಈತ ಹದಿಹರೆಯದಲ್ಲೇ ಅಣ್ಣಂದಿರನ್ನು ಹುಡುಕಿಕೊಂಡು ಸ್ಪೇನಿಗೆ ಹೋದ, ಅಲ್ಲಿಂದ ಲಿಸ್ಬನ್ನಿಗೆ, ಗೋವೆಯ ಆರ್ಚ್‌ಬಿಷಪ್ಪರಾಗಿ ನೇಮಕಗೊಂಡಿದ್ದ ವಿಸೆಂತೆ ದ ಫೊನ್ಸೆಕಾ ಅವರ ಪರಿವಾರ ಸೇರಿ 1583ರ ಸೆಪ್ಟೆಂಬರಿನಲ್ಲಿ ಗೋವೆಗೆ ಬಂದಿಳಿದ. ಆಗ ಅವನಿಗೆ ಸುಮಾರು ಇಪ್ಪತ್ತು ವರ್ಷ. ಸುಮಾರು ಐದು ವರ್ಷ ಆರ್ಚ್‌ಬಿಷಪ್ಪರ ಕಚೇರಿಯ ಬರಹಗಾರನಾಗಿದ್ದುದರಿಂದ ಊರಿನ ಒಳಗುಟ್ಟುಗಳು ಅವನ ಕಣ್ಣೆದುರೇ ಹಾದುಹೋದವು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಕಿತ್ತುಕೊಂಡ ಗೋವೆ ಆ ಹೊತ್ತಿಗೆ ಏಳು ದಶಕ ದಾಟಿದ ಪೋರ್ಚುಗೀಸ್ ನೆಲೆ. 1530ರಿಂದ ಮೊಜಾಂಬಿಕ್‌ನಿಂದ ಮಕಾವ್‌ವರೆಗೆ ಚದುರಿದ್ದ ಅವರ ಕೋಟೆಕೊತ್ತಲಗಳಿಗೆಲ್ಲ ರಾಜಧಾನಿ. ಫೊನ್ಸೆಕಾ ಯುರೋಪಿಗೆ ಹೊರಟು ದಾರಿಯಲ್ಲೇ ತೀರಿಕೊಂಡ ಸುದ್ದಿ ಬಂದ ಮೇಲೆ ಲಿನ್ಸ್‌ಕೋಟೆನ್ ಊರಿನ ದಾರಿ ಹಿಡಿದ. 1592ರಲ್ಲಿ ಮನೆ ತಲುಪಿ, ನಾಲ್ಕು ವರ್ಷಗಳಲ್ಲಿ ಪುಸ್ತಕ ಮುಗಿಸಿದ. ಚಿತ್ರಗಳನ್ನು ತಗಡಿಗೆ ಇಳಿಸಿದವರು ಡೂಟೆಕಮ್ ಮನೆತನದ ಕೆತ್ತನೆಗಾರರು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದ ಆಕ್ಷೇಪವಲ್ಲ. ಡೂಟೆಕಮ್‌ಗಳು ಗೋವೆಯನ್ನು ಕಂಡವರಲ್ಲ. ಲಿನ್ಸ್‌ಕೋಟೆನ್ ತಂದ ರೇಖಾಚಿತ್ರಗಳನ್ನು ನೋಡಿ, ಮಿಕ್ಕದ್ದನ್ನು ತಮಗೆ ಗೊತ್ತಿದ್ದ ಯುರೋಪಿನ ಚಿತ್ರಕಲೆಯ ರೂಢಿಯಿಂದ ತುಂಬಿಕೊಂಡವರು. ಅದರ ಗುರುತು ಚಿತ್ರದಲ್ಲೇ ಇದೆ. ಅದೇ ಪುಸ್ತಕದಲ್ಲಿ ಗೋವೆಯ ಮೇಲುನೋಟದ ನಕ್ಷೆಯೂ ಇದೆ; ಆ ನಕ್ಷೆಯಲ್ಲಿ ನೇರಬೀದಿ ನದಿಯ ಕಡೆಯಿಂದ ಊರೊಳಕ್ಕೆ ಹೋಗುವ ಒಂದು ಬೀದಿ, ಅಷ್ಟೇ. ಪೇಟೆಯ ಚಿತ್ರದಲ್ಲಿ ಅದೇ ಬೀದಿ ಡಚ್ ಊರುಗಳ ನಡುವಿನ ಚೌಕದ ಹಾಗೆ ಹರಡಿಕೊಂಡಿದೆ. ದೇಹಗಳ ನಿಲುವು, ಸ್ನಾಯುಗಳ ಉಬ್ಬು, ಬಟ್ಟೆಯ ಮಡಿಕೆ ಎಲ್ಲದರಲ್ಲೂ ಯುರೋಪಿನ ಕೈ ಕಾಣುತ್ತದೆ. ಹಾಗಿದ್ದರೆ ಇದನ್ನು ಗೋವೆಯ ಸಮಾಜಕ್ಕೆ ಸಾಕ್ಷಿಯೆನ್ನುವುದು ಸರಿಯೇ? ಕಟ್ಟಡಗಳ ಅಳತೆಗೆ, ಬೀದಿಯ ಅಗಲಕ್ಕೆ, ಮುಖಚಹರೆಗೆ ಈ ಚಿತ್ರವನ್ನು ನಂಬಬಾರದೆಂದು ನಾನೂ ಒಪ್ಪುತ್ತೇನೆ. ಆದರೆ ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಬೇರೆ. ಕೊಡೆ ಹಿಡಿಯುವ ಆಳನ್ನು ಡಚ್ ಕೆತ್ತನೆಗಾರ ತನ್ನ ಊರಿನ ರೂಢಿಯಿಂದ ತೆಗೆದುಕೊಂಡಿರಲಾರ. ಅಲ್ಲಿ ಆ ರೂಢಿಯೇ ಇರಲಿಲ್ಲ. ರೋಮಿನ ಕಾಸನಾತೆನ್ಸೆ ಗ್ರಂಥಾಲಯದಲ್ಲಿರುವ, 1540ರ ದಶಕದ್ದೆಂದು ವಿದ್ವಾಂಸರು ಗುರುತಿಸುವ ವರ್ಣಚಿತ್ರಗಳ ಸಂಪುಟವೊಂದಿದೆ. ಅದನ್ನು ಬರೆದವನು ಭಾರತೀಯ ಕಲಾವಿದನೇ ಇರಬೇಕೆಂದು ಅದರ ಶೈಲಿಯಿಂದ ಊಹಿಸುತ್ತಾರೆ. ಕುದುರೆಯೇರಿದ ಪೋರ್ಚುಗೀಸನೂ ಅವನ ಪಕ್ಕದ ಕೊಡೆಯಾಳೂ ಅದರಲ್ಲಿದ್ದಾರೆ. ಲಿನ್ಸ್‌ಕೋಟೆನ್ ಹುಟ್ಟುವ ಮೊದಲೇ, ಬೇರೊಂದು ಕೈಯಿಂದ, ಬೇರೊಂದು ಕಲಾಪರಂಪರೆಯಲ್ಲಿ ಮೂಡಿದ ಚಿತ್ರ ಅದು. ಎರಡೂ ಒಂದೇ ಸಂಬಂಧವನ್ನು ತೋರಿಸುವಾಗ, ಆ ಸಂಬಂಧ ಕೆತ್ತನೆಗಾರನ ಕಲ್ಪನೆಯೆಂದು ತಳ್ಳಿಹಾಕಲು ಬರುವುದಿಲ್ಲ.

ಚಿತ್ರದ ಜೊತೆಗಿರುವ ಬರಹ ಇನ್ನೂ ಬಿಚ್ಚಿ ಹೇಳುತ್ತದೆ. ಲಿಲಾವು ನಡೆಯುತ್ತಿದ್ದುದು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಬಿಸಿಲೇರುವ ಮುನ್ನ. ಭಾನುವಾರ ಮತ್ತು ಹಬ್ಬದ ದಿನ ಇಲ್ಲ. ಲಿನ್ಸ್‌ಕೋಟೆನ್ ಅದನ್ನು ಆಂಟ್‌ವರ್ಪಿನ ವ್ಯಾಪಾರಿಗಳ ಕೂಟಕ್ಕೆ ಹೋಲಿಸುತ್ತಾನೆ. ಆದರೆ ಇಲ್ಲಿ ವ್ಯಾಪಾರಿಗಳಷ್ಟೇ ಅಲ್ಲ, ದೊಡ್ಡ ಮನೆತನದ ಸರದಾರರೂ ಬಂದು ನಿಲ್ಲುತ್ತಾರೆ ಎಂದು ಬೆರಗಿನಿಂದ ಸೇರಿಸುತ್ತಾನೆ. ಕೂಗಿ ಮಾರುವವರ ಕೊರಳಿಗೆ ಚಿನ್ನದ ಸರ, ಮುತ್ತು, ಉಂಗುರ, ಹರಳು ಎಲ್ಲ ನೇತುಬಿದ್ದಿರುತ್ತವೆ. ಅರಬ್ಬೀ ಕುದುರೆಗಳು, ಔಷಧಿಗಳು, ಕೇಂಬೆ, ಬಂಗಾಲ, ಚೀನಾಗಳ ಬಟ್ಟೆಬರೆ ಬರುತ್ತವೆ. ಊರಲ್ಲಿ ಯಾರಾದರೂ ಸತ್ತರೆ ಅವರ ಮನೆಯ ಸಾಮಾನು ಕೊನೆಯ ಕಾಸಿನವರೆಗೂ ಇಲ್ಲಿ ಬಿಕರಿಯಾಗುತ್ತದೆ, ಸತ್ತವನು ವೈಸರಾಯಿಯೇ ಆಗಿದ್ದರೂ. ವಿಧವೆಯರಿಗೂ ಅನಾಥ ಮಕ್ಕಳಿಗೂ ಸಲ್ಲಬೇಕಾದ್ದು ಕೈತಪ್ಪದಿರಲೆಂದು ಈ ಏರ್ಪಾಡು. ಈ ಸಾಮಾನುಗಳ ನಡುವೆ ದಿನವೂ ಗಂಡಸರು, ಹೆಂಗಸರು, ಎಳೆಯರು, ಮುದುಕರು ಮಾರಾಟವಾಗುತ್ತಾರೆ. ತಮ್ಮ ದೇಶದಲ್ಲಿ ದನಕರು ಮಾರುವಂತೆ ಎಂದು ಬರೆಯುತ್ತಾನೆ ಲಿನ್ಸ್‌ಕೋಟೆನ್. ವಿಧವೆಯ ಹಕ್ಕಿಗಾಗಿ ಇಷ್ಟು ಜತನದ ಕಟ್ಟಳೆ ಮಾಡಿಕೊಂಡಿದ್ದ ಊರು ಅದೇ ಬೀದಿಯಲ್ಲಿ ಅದೇ ಹೊತ್ತಿಗೆ ತಾಯಿಯಿಂದ ಮಗುವನ್ನು ಬೇರೆ ಮಾಡಿ ಮಾರಬಲ್ಲದಾಗಿತ್ತು. ಎರಡೂ ಕಟ್ಟಳೆಯ ಒಳಗೇ ನಡೆಯುತ್ತಿದ್ದವು. ಆಳು ಹೆಂಗಸು ಹೆತ್ತ ಮಗು ಒಡೆಯನ ಸ್ವತ್ತು. ತಂದೆ ಸ್ವತಂತ್ರನಾಗಿದ್ದು, ಹುಟ್ಟಿದ ಎಂಟು ಹತ್ತು ದಿನಗಳೊಳಗೆ ಸಣ್ಣದೊಂದು ಮೊತ್ತ ಕೊಟ್ಟು ತನ್ನದೆಂದು ಕೇಳಿದರೆ ಮಾತ್ರ ಮಗುವಿಗೆ ಬಿಡುಗಡೆ. ತಾಯಿ ಆಗಲೂ ಆಳೇ. ಆ ಗಡುವು ಮೀರಿದರೆ ಮಗುವನ್ನು ಇಟ್ಟುಕೊಳ್ಳುವುದೂ ಮಾರುವುದೂ ಒಡೆಯನ ಇಚ್ಛೆ.

ಈಗ ಚಿತ್ರದ ನಡುವೆ ನಿಂತ ಪೋರ್ಚುಗೀಸ್ ಗಂಡಸರನ್ನು ನೋಡಬೇಕು. ಲಿನ್ಸ್‌ಕೋಟೆನ್ ಅವರ ನಡಿಗೆಯನ್ನೇ ಒಂದು ಸಂಗತಿಯೆಂದು ಗುರುತಿಸಿದ್ದಾನೆ: ಮೆಲ್ಲಗೆ, ತೂಕವಾಗಿ ಹೆಜ್ಜೆಯಿಡುತ್ತಾರೆ, ಒಬ್ಬ ಆಳು ಕೊಡೆ ಹಿಡಿಯುತ್ತಾನೆ, ಮಳೆಗಾಲದಲ್ಲಿ ಇನ್ನೊಬ್ಬ ಹುಡುಗ ಕೆಂಪು ಮೇಲಂಗಿ ಹೊತ್ತು ಹಿಂದೆ ಬರುತ್ತಾನೆ, ಇಗರ್ಜಿಗೆ ಹೋಗುವಾಗ ಮಂಡಿಯೂರುವ ದಿಂಬು ಹೊರಲು ಮತ್ತೊಬ್ಬ. ಇಷ್ಟು ಆಳುಕಾಳಿದ್ದವರು ಸಿರಿವಂತರೇ ಇರಬೇಕೆಂದು ಚಿತ್ರ ನೋಡಿದವರು ತಿಳಿದರೆ ತಪ್ಪಿಲ್ಲ. ಆದರೆ ಅದೇ ಲಿನ್ಸ್‌ಕೋಟೆನ್ ಈ ಗಂಡಸರಲ್ಲಿ ಹಲವರ ಮನೆಯೊಳಗನ್ನೂ ತೋರಿಸುತ್ತಾನೆ. ಮದುವೆಯಾಗದ ಸಿಪಾಯಿಗಳು ಹತ್ತು ಹನ್ನೆರಡು ಮಂದಿ ಒಂದೇ ಮನೆಯಲ್ಲಿರುತ್ತಾರೆ. ಕೆಲವೇ ಪೀಠ, ಒಂದು ಮೇಜು, ಎಲ್ಲರಿಗೂ ಸೇರಿ ಒಬ್ಬಿಬ್ಬರು ಆಳುಗಳು. ಊಟಕ್ಕೆ ಅನ್ನ, ಉಪ್ಪುಮೀನು. ಎಲ್ಲರ ನಡುವೆ ಒಂದೆರಡು ಜೊತೆ ರೇಷ್ಮೆ ಉಡುಪು. ಒಬ್ಬ ಅದನ್ನು ತೊಟ್ಟು ಬೀದಿಗಿಳಿದರೆ ಮಿಕ್ಕವರು ಅಂಗಿ ಚಡ್ಡಿಯಲ್ಲಿ ಮನೆಯಲ್ಲೇ ಕೂತಿರಬೇಕು. ಈ ವಿವರ ಚಿತ್ರದ ಅರ್ಥವನ್ನೇ ಬದಲಿಸುತ್ತದೆ. ಬೀದಿಯಲ್ಲಿ ಕಾಣುವ ದೊಡ್ಡಸ್ತಿಕೆ ಸಂಪತ್ತಿನ ಫಲವಾಗಿರಬೇಕಿಲ್ಲ. ಸಂಪತ್ತು ಇಲ್ಲದವರಿಗೂ ಅದು ಬೇಕಾಗಿತ್ತು. ಯಾಕೆ ಬೇಕಾಗಿತ್ತು ಎಂಬುದಕ್ಕೆ ಉತ್ತರ ಊರಿನ ಲೆಕ್ಕದಲ್ಲಿದೆ. ಹಡಗು ಹತ್ತಿ ಬಂದ ಸಿಪಾಯಿ ತನ್ನ ದೇಶದಲ್ಲಿ ರೈತನ ಮಗನೋ ಚಮ್ಮಾರನ ಮಗನೋ ಆಗಿದ್ದಿರಬಹುದು. ಗೋವೆಯಲ್ಲಿ ಅವನು ಬೆರಳೆಣಿಕೆಯ ಆಳುವವರಲ್ಲಿ ಒಬ್ಬ. ಕೈಯಿಂದ ದುಡಿಯುವುದು ಕಂಡರೆ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಗೆರೆ ಅಳಿಸಿಹೋಗುತ್ತಿತ್ತು. ಆ ಗೆರೆಯನ್ನು ದಿನದಿನವೂ ಬೀದಿಯಲ್ಲಿ ಎಳೆದು ತೋರಿಸುವುದಕ್ಕೆ ಕೊಡೆ ಬೇಕು, ಕೊಡೆ ಹಿಡಿಯುವವನು ಬೇಕು.

ಆಳುಗಳ ಕೆಲಸ ಕೊಡೆ ಹಿಡಿಯುವುದಕ್ಕೆ ಮುಗಿದಿದ್ದರೆ ಅವರು ಬರಿಯ ಖರ್ಚಿನ ಬಾಬತ್ತಾಗುತ್ತಿದ್ದರು. ಹಾಗಿರಲಿಲ್ಲ. ಹನ್ನೆರಡು, ಇಪ್ಪತ್ತು, ಮೂವತ್ತು ಜನ ಆಳುಗಳಿದ್ದ ಮನೆಗಳಿದ್ದವು. ಆ ಮನೆಗಳ ಬದುಕು ಆಳುಗಳ ಸಂಪಾದನೆಯ ಮೇಲೆಯೇ ನಡೆಯುತ್ತಿತ್ತು. ಗಂಡಾಳುಗಳನ್ನು ಕೂಲಿಗೆ ಕಳಿಸಿ ಕೂಲಿಯ ಹಣ ಒಡೆಯ ಇಟ್ಟುಕೊಳ್ಳುತ್ತಿದ್ದ. ಊರ ಹೊರಗಿನ ಬಂಗನೀ ಎಂಬ ಒರತೆಯ ನೀರು ಒಳ್ಳೆಯದೆಂದು ಹೆಸರಾಗಿತ್ತು. ಅದನ್ನು ಮಡಕೆಗಳಲ್ಲಿ ತುಂಬಿ ತಂದು ಬೀದಿಬೀದಿಯಲ್ಲಿ ಮಾರುತ್ತಿದ್ದವರು ಆಳುಗಳು. ಅಂದರೆ ಪೂರ್ವದ ರಾಜಧಾನಿಯೆನಿಸಿಕೊಂಡ ಊರಿನಲ್ಲಿ ಕುಡಿಯುವ ನೀರು ಜನರ ಮೈಮೇಲೆ ಹೊತ್ತು ಬರುತ್ತಿತ್ತು. ಹೆಣ್ಣಾಳುಗಳು ಈ ನೆಲದ ಹಣ್ಣುಗಳಿಂದ ಬಗೆಬಗೆಯ ಮಿಠಾಯಿ, ಉಪ್ಪಿನಕಾಯಿ ಮಾಡುತ್ತಿದ್ದರು, ನಾಜೂಕಿನ ಕಸೂತಿ ಹಾಕುತ್ತಿದ್ದರು. ಅವನ್ನು ಮಾರಲು ಒಡೆಯರು ಅವರಲ್ಲಿ ಎಳೆಯರನ್ನು, ಚೆಲುವೆಯರನ್ನು ಸಿಂಗರಿಸಿ ಬೀದಿಗೆ ಕಳಿಸುತ್ತಿದ್ದರು. ಕೊಳ್ಳುವವರಿಗೆ ಮಿಠಾಯಿಗಿಂತ ಮಾರುವವಳ ಮೇಲೆ ಕಣ್ಣು, ಆ ದಂಧೆಯ ಹಣವೂ ಒಡೆಯರ ಪೆಟ್ಟಿಗೆಗೇ ಎಂದು ಲಿನ್ಸ್‌ಕೋಟೆನ್ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅದರಲ್ಲಿ ಅವನು ಹೆಣ್ಣಾಳುಗಳ ಒಪ್ಪಿಗೆಯನ್ನು ಕಂಡಂತೆ ಬರೆದಿರುವುದನ್ನು ನಾವು ಒಪ್ಪಬೇಕಿಲ್ಲ. ಮಾರಾಟಕ್ಕೊಳಗಾದವಳಿಗೆ ಒಲ್ಲೆ ಎನ್ನುವ ದಾರಿ ಇರಲಿಲ್ಲ. ಮಾತು ಇಷ್ಟೇ: ಊರಿನ ಹಲವು ಗೌರವಸ್ಥ ಮನೆಗಳ ಒಲೆ ಉರಿಯುತ್ತಿದ್ದುದು ಸಮುದ್ರವ್ಯಾಪಾರದ ಲಾಭದಿಂದಲ್ಲ, ಮನೆಯ ಆಳುಗಳ ದಿನದ ಗಳಿಕೆಯಿಂದ.

ಇದೆಲ್ಲ ವೈರಿಯೊಬ್ಬನ ಮಾತು ಎನ್ನಬಹುದು. ‘ಇಟಿನೆರಾರಿಯೊ’ ಬಂದ ಕಾಲದಲ್ಲಿ ಡಚ್ಚರು ಸ್ಪೇನಿನ ದೊರೆಯ ವಿರುದ್ಧ ದಂಗೆಯೆದ್ದು ಹೋರಾಡುತ್ತಿದ್ದರು. 1580ರಿಂದ ಪೋರ್ಚುಗಲ್ಲಿಗೂ ಅವನೇ ದೊರೆ. ಲಿನ್ಸ್‌ಕೋಟೆನ್ನನ ಪುಸ್ತಕದಲ್ಲಿ ಪೋರ್ಚುಗೀಸರು ಗುಟ್ಟಾಗಿಟ್ಟುಕೊಂಡಿದ್ದ ಜಲಮಾರ್ಗಗಳ ವಿವರವಿತ್ತು. ಆ ಭಾಗವನ್ನು 1595ರಲ್ಲೇ ಬೇರೆಯಾಗಿ ಅಚ್ಚುಹಾಕಿ, ಅದೇ ವರ್ಷ ಪೂರ್ವಕ್ಕೆ ಹೊರಟ ಮೊದಲ ಡಚ್ ಹಡಗುಗಳಿಗೆ ಒದಗಿಸಲಾಯಿತು. 1598ರಲ್ಲಿ ಇಂಗ್ಲಿಷಿಗೂ ಜರ್ಮನ್ನಿಗೂ ಅನುವಾದವಾಯಿತು. 1600ರಲ್ಲಿ ಇಂಗ್ಲಿಷರ ಕಂಪನಿ, 1602ರಲ್ಲಿ ಡಚ್ಚರ ಕಂಪನಿ ಹುಟ್ಟಿದವು. ಪೋರ್ಚುಗೀಸರು ಸೋಮಾರಿಗಳು, ಡೌಲಿನವರು, ಸುಲಭವಾಗಿ ಸೋಲಿಸಬಹುದಾದವರು ಎಂದು ನಂಬಿಸುವುದರಲ್ಲಿ ಲೇಖಕನಿಗೂ ಪ್ರಕಾಶಕನಿಗೂ ಲಾಭವಿತ್ತೆಂಬುದು ನಿಜ. ಆದ್ದರಿಂದ ಅವನು ಪೋರ್ಚುಗೀಸರ ಗುಣದ ಬಗ್ಗೆ ಹೇಳುವ ತೀರ್ಪುಗಳನ್ನು ಬದಿಗಿಡೋಣ. ಅವನು ಹೇಳುವ ಸಂಗತಿಗಳಿಗೆ ಬೇರೆ ಸಾಕ್ಷಿಗಳಿವೆ. ಮಾಲ್ಡೀವ್ಸಿನಲ್ಲಿ ಹಡಗು ಒಡೆದು ಸಿಕ್ಕಿಬಿದ್ದು, ಕೊನೆಗೆ 1608ರಲ್ಲಿ ಗೋವೆಗೆ ಬಂದು 1610ರವರೆಗೆ ಅಲ್ಲಿದ್ದ ಫ್ರೆಂಚ್ ನಾವಿಕ ಫ್ರಾನ್ಸ್ವಾ ಪಿರಾರ್ ಗೋವೆಯ ಬಗ್ಗೆ ಬೆರಗುಪಟ್ಟು ಬರೆದವನು. ಅಲ್ಲಿನ ರಾಜ ಆಸ್ಪತ್ರೆಯಲ್ಲಿ ತನಗೆ ಸಿಕ್ಕ ಆರೈಕೆಯನ್ನು ಮನಸಾರೆ ಹೊಗಳುತ್ತಾನೆ. ಅವನೂ ಅದೇ ಬೀದಿಯ ಲಿಲಾವಿನಲ್ಲಿ ಕುದುರೆಗಳಂತೆ ಮಾರಾಟವಾಗುವ ಮನುಷ್ಯರನ್ನು, ಕಸೂತಿ, ಹೊಲಿಗೆ, ವಾದ್ಯ ಬಲ್ಲ ಹುಡುಗಿಯರನ್ನು, ಬಂಗನೀ ನೀರು ಮಾರುವ ಆಳುಗಳನ್ನು ವರ್ಣಿಸುತ್ತಾನೆ. ಗೋವೆಯ ದಫ್ತರದ ಮೇಲ್ವಿಚಾರಕನೂ ಚರಿತ್ರಕಾರನೂ ಆಗಿದ್ದ ದಿಯೋಗೊ ದೊ ಕೌತೊ ಎಂಬ ಪೋರ್ಚುಗೀಸ, ಅನುಭವಿ ಸಿಪಾಯಿಯೊಬ್ಬನ ಸಂವಾದದ ರೂಪದಲ್ಲಿ, ತನ್ನವರ ಲಂಚಕೋರತನವನ್ನೂ ಸಿಪಾಯಿಗಳ ದುಃಸ್ಥಿತಿಯನ್ನೂ ಬಿಚ್ಚಿಟ್ಟ; ಆ ಕೃತಿ 1790ರವರೆಗೆ ಅಚ್ಚಾಗಲಿಲ್ಲ. ಡಚ್ಚ, ಫ್ರೆಂಚ, ಪೋರ್ಚುಗೀಸ ಮೂವರೂ ಸೇರಿ ಮಾಡಿಕೊಂಡ ಒಳಸಂಚು ಇದಾಗಿರಲು ಸಾಧ್ಯವಿಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಲಿನ್ಸ್‌ಕೋಟೆನ್ನನ ಪುಸ್ತಕ ವ್ಯಾಪಾರಿಗಳ ಕಣ್ಣಿಗೆಂದು ಬಂದದ್ದು. ಮನುಷ್ಯರ ಮಾರಾಟವನ್ನು ಅಲ್ಲಿ ತೋರಿಸಿದ್ದು ಖಂಡನೆಗಲ್ಲ. ಈ ಪೇಟೆಯಲ್ಲಿ ಏನೇನು ಸಿಗುತ್ತದೆಂದು ತಿಳಿಸಲು. ಕೆಲವೇ ದಶಕಗಳಲ್ಲಿ ಡಚ್ಚರೂ ತಮ್ಮ ಬತಾವಿಯಾ ನಗರವನ್ನು ಆಳುಗಳ ದುಡಿಮೆಯ ಮೇಲೆಯೇ ಕಟ್ಟಿದರು. ಖಂಡಿಸುವ ಉದ್ದೇಶವೇ ಇಲ್ಲದವರ ಚಿತ್ರ ಎಂಬುದೂ ಅದನ್ನು ನಂಬುವುದಕ್ಕೆ ಒಂದು ಕಾರಣ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಗೋವೆಯನ್ನು ಬಿಳಿಯ ಒಡೆಯರು ಮತ್ತು ಮಾರಾಟವಾದ ಆಳುಗಳು ಎಂಬ ಎರಡೇ ಪಾಲಾಗಿ ನೋಡಿದರೆ ಊರಿನ ನಿಜವಾದ ಹಣವಂತರು ಕಣ್ಣಿಗೆ ಬೀಳುವುದೇ ಇಲ್ಲ. ಲಿನ್ಸ್‌ಕೋಟೆನ್ನನೇ ಬೀದಿಬೀದಿಯಾಗಿ ಹೇಳುವಂತೆ ರೇಷ್ಮೆ, ಪಿಂಗಾಣಿಗಳ ಅಂಗಡಿಗಳ ಬೀದಿ ಒಂದು, ಕೇಂಬೆಯ ವಾಣಿಯರ ಹರಳುಗಳ ಬೀದಿ ಇನ್ನೊಂದು, ಅರಗಿನ ಹೊಳಪಿನ ಮಂಚ ಪೀಠ ಮಾಡುವವರದು ಮತ್ತೊಂದು. ಮೂಲೆಮೂಲೆಯಲ್ಲೂ ಚಿನಿವಾರರು ಕೂತು ಹಡಗು ಬಂದಾಗ ಬೆಳ್ಳಿಯ ನಾಣ್ಯ ಕೊಂಡು, ಚೀನಾಕ್ಕೆ ಹಡಗು ಹೊರಡುವ ಹೊತ್ತಿಗೆ ಏರಿದ ಬೆಲೆಗೆ ಮಾರುತ್ತಿದ್ದರು. ಮುಂದಿನ ಶತಮಾನದಲ್ಲಂತೂ ಗೋವೆಯ ತೆರಿಗೆ ಗುತ್ತಿಗೆಗಳಲ್ಲಿ ಬಹುಪಾಲು ಹಿಂದೂಗಳ, ಅದರಲ್ಲೂ ಸಾರಸ್ವತರ ಕೈಯಲ್ಲಿದ್ದವೆಂದು ಇತಿಹಾಸಕಾರ ಎಂ. ಎನ್. ಪಿಯರ್ಸನ್ ದಾಖಲೆಗಳಿಂದ ತೋರಿಸಿದ್ದಾರೆ. ದೇವಾಲಯಗಳನ್ನು 1540ರ ಸುಮಾರಿಗೆ ಗೋವೆಯ ದ್ವೀಪವಾದ ತಿಸವಾಡಿಯಲ್ಲಿ, 1567ರಲ್ಲಿ ನೆರೆಯ ಸಾಸಷ್ಟಿಯಲ್ಲಿ ಕೆಡವಿದ, 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವನ್ನು ತಂದ ಆಡಳಿತವೇ ತನ್ನ ಸುಂಕ ವಸೂಲಿಗೆ ಹಿಂದೂ ಗುತ್ತಿಗೆದಾರರನ್ನು ಬಿಡಲಾರದೆ ಹೋಯಿತು. ವೈದ್ಯರ ವಿಷಯ ಇನ್ನೂ ಸ್ವಾರಸ್ಯದ್ದು. ವೈಸರಾಯಿ, ಆರ್ಚ್‌ಬಿಷಪ್, ಪಾದ್ರಿಗಳು, ಸನ್ಯಾಸಿಗಳು ಎಲ್ಲರೂ ತಮ್ಮ ದೇಶದ ವೈದ್ಯರಿಗಿಂತ ಊರಿನ ಹಿಂದೂ ಪಂಡಿತರನ್ನೇ ಹೆಚ್ಚು ನಂಬುತ್ತಿದ್ದರೆಂದು ಆರ್ಚ್‌ಬಿಷಪ್ಪರ ಮನೆಯಲ್ಲೇ ಇದ್ದ ಲಿನ್ಸ್‌ಕೋಟೆನ್ ಬರೆಯುತ್ತಾನೆ. ಹೀಗಿರುವಾಗ ಆಳುವವರೂ ಆಳುಗಳೂ ಎಂಬ ಗೆರೆ ಎಲ್ಲಿ ಉಳಿಯಿತು? ಉಳಿಯಿತು, ಮತ್ತು ಅದನ್ನು ತೋರಿಸುವುದೂ ಕೊಡೆಯೇ. ಈ ವೈದ್ಯರು ಪೋರ್ಚುಗೀಸರಂತೆಯೇ ಕೊಡೆ ಹಿಡಿಸಿಕೊಂಡು ಊರಲ್ಲಿ ಓಡಾಡಬಹುದಾಗಿತ್ತು, ರಾಯಭಾರಿಗಳನ್ನೂ ಕೆಲವು ದೊಡ್ಡ ವ್ಯಾಪಾರಿಗಳನ್ನೂ ಬಿಟ್ಟರೆ ಬೇರಾವ ಹಿಂದೂವಿಗೂ ಆ ಅವಕಾಶವಿರಲಿಲ್ಲವೆಂದು ಅವನೇ ದಾಖಲಿಸಿದ್ದಾನೆ. ಗೌರವಕ್ಕೆ ಬಣ್ಣವೊಂದೇ ಆಧಾರವಾಗಿರಲಿಲ್ಲ. ಯಾರ ತಲೆಯ ಮೇಲೆ ಇನ್ನೊಬ್ಬರ ಕೈ ನೆರಳು ಹಿಡಿಯುತ್ತದೆ ಎಂಬುದು ಆಧಾರವಾಗಿತ್ತು. ಆ ನೆರಳಿನೊಳಕ್ಕೆ ಕೆಲವು ಭಾರತೀಯರೂ ಸೇರಿದ್ದರು. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಅದರ ಹೊಣೆಯನ್ನು ಇನ್ನಷ್ಟು ಜನರಿಗೆ ಹಂಚುತ್ತದೆ.

ಇನ್ನು ಚೌಕಟ್ಟಿನ ಹೊರಗಿನವರು. ಹತ್ತು ಜನ ಸಿಪಾಯಿಗಳು ಹಂಚಿಕೊಂಡ ಅನ್ನ, ಮೂವತ್ತು ಆಳುಗಳಿಗೆ ಹಾಕಿದ ಗಂಜಿ, ಆಸ್ಪತ್ರೆಯ ರೋಗಿಗೆ ಕೊಟ್ಟ ಊಟ ಎಲ್ಲಿಂದ ಬಂತು? ಗೋವೆಯ ದ್ವೀಪದಲ್ಲೂ ಸುತ್ತಣ ಹಳ್ಳಿಗಳಲ್ಲೂ ನೆಲವನ್ನು ಊರವರು ಒಟ್ಟಾಗಿ ನಡೆಸುವ ಗಾಂವ್ಕಾರಿ ಪದ್ಧತಿಯಲ್ಲಿ ಬೇಸಾಯ ನಡೆಯುತ್ತಿತ್ತು. ಸಮುದ್ರದ ಉಪ್ಪುನೀರನ್ನು ತಡೆದು ಗದ್ದೆ ಮಾಡಿದ ಕುಣಬಿಗಳ ದುಡಿಮೆ ಅದು. ಅವರನ್ನು ಕಂಡ ಲಿನ್ಸ್‌ಕೋಟೆನ್ ಹಿಂದೂಸ್ಥಾನದಲ್ಲೆಲ್ಲ ಅತಿ ಬಡವರು, ಅತಿ ತಾತ್ಸಾರಕ್ಕೊಳಗಾದವರು ಎನ್ನುತ್ತಾನೆ. ಪುಸ್ತಕದ ಬೇರೊಂದು ಚಿತ್ರದಲ್ಲಿ ಅವರು ಕಾಣಿಸಿಕೊಳ್ಳುತ್ತಾರೆ. ಪೇಟೆಯ ವೈಭವದಲ್ಲಿ ಅವರಿಗೆ ಜಾಗವಿಲ್ಲ. ಆದರೆ ಅವರ ಬೆಳೆ ನಗರಕ್ಕೆ ಸಾಲುತ್ತಿರಲಿಲ್ಲ. ಗೋವೆಯ ಹೊಟ್ಟೆ ತುಂಬಿಸಿದ್ದು ಕನ್ನಡ ಕರಾವಳಿ: ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲೇ ದುಆರ್ತೆ ಬಾರ್ಬೊಸಾ ಎಂಬ ಪೋರ್ಚುಗೀಸ್ ಬರಹಗಾರ ಈ ತೀರದ ಅಕ್ಕಿಯ ತರತರದ ಜಾತಿಗಳನ್ನೂ ಅವುಗಳ ಏರಿಳಿವ ಬೆಲೆಯನ್ನೂ ವಿವರಿಸಿದ್ದ. ಒಣಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ ಗುಂಡನೆಯ ಕಟ್ಟುಗಳಲ್ಲಿ ಅಕ್ಕಿ ಬರುತ್ತಿತ್ತು ಎಂದು ಲಿನ್ಸ್‌ಕೋಟೆನ್ ಬರೆದಿದ್ದಾನೆ; ದಕ್ಷಿಣ ಕನ್ನಡದ ಓದುಗರಿಗೆ ಅಕ್ಕಿಮುಡಿಯನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಗೋವೆಯನ್ನು ಹಿಡಿಯುವಂತೆ ಆಲ್ಬುಕರ್ಕನಿಗೆ ಸಲಹೆ ಕೊಟ್ಟು, ಪಡೆಯೊಂದಿಗೆ ಜೊತೆಯಾದವನು ಹೊನ್ನಾವರದ ನೌಕಾನಾಯಕ ತಿಮ್ಮೋಜ. ಆಮೇಲೆ ಅದೇ ತೀರದ ಅರಸರಿಂದ ಪೋರ್ಚುಗೀಸರು ಕಪ್ಪವನ್ನು ಅಕ್ಕಿಯ ರೂಪದಲ್ಲಿ ಕೇಳಿ ಪಡೆದರು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳ ನೆಲೆಯನ್ನೇ ಮಾಡಿಕೊಂಡರು. ಪ್ರತಿ ವರ್ಷ ಮಲಬಾರಿನ ಕಡಲುಗಳ್ಳರಿಂದ ಕಾಯಲು ಯುದ್ಧನೌಕೆಗಳ ಬೆಂಗಾವಲಿನಲ್ಲಿ ಅಕ್ಕಿಯ ದೋಣಿಗಳ ಸಾಲು ತೆಂಕಣದಿಂದ ಗೋವೆಗೆ ಸಾಗುತ್ತಿತ್ತು. ಹಡಗುಗಟ್ಟಲೆ ಮೆಣಸು ಕಾಯುವಷ್ಟೇ ಎಚ್ಚರದಿಂದ ಅಕ್ಕಿಯನ್ನು ಕಾಯಬೇಕಾಗಿತ್ತೆಂದರೆ ಆ ಊರು ಯಾವುದರ ಮೇಲೆ ನಿಂತಿತ್ತೆಂಬುದು ತಿಳಿಯುತ್ತದೆ.

ಈ ತೀರದವರು ಸುಮ್ಮನೆ ಕೊಟ್ಟವರಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ಹೊನ್ನಾವರದ ಕೋಟೆಯ ವಿಷಯ ಬರೆಯುತ್ತ ಲಿನ್ಸ್‌ಕೋಟೆನ್, ಅಲ್ಲಿನ ಮೆಣಸು ಭಟ್ಕಳದ ರಾಣಿಗೆ ಸೇರಿದ್ದು, ಹಣವನ್ನು ಆರು ತಿಂಗಳು ಮೊದಲೇ ಅವಳ ಕೈಗೆ ಸಲ್ಲಿಸದೆ ಪೋರ್ಚುಗೀಸರಿಗೆ ಮಾಲು ಸಿಗುವುದಿಲ್ಲ ಎನ್ನುತ್ತಾನೆ. ಆ ಕಾಲಕ್ಕೆ ಅದು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ. ನೇರಬೀದಿಯಲ್ಲಿ ತಲೆಯೆತ್ತಿ ನಡೆದ ಸರದಾರರು ಶರಾವತಿಯ ದಂಡೆಯಲ್ಲಿ ಮುಂಗಡ ಕೊಟ್ಟು ಕಾಯಬೇಕಾಗಿತ್ತು. 1652-54ರಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರಹಾಕಿದಾಗ ಗೋವೆಗೆ ತಟ್ಟಿದ ಪೆಟ್ಟು ಬರಿಯ ಸೈನಿಕ ಸೋಲಿನದಲ್ಲ. ಆಮೇಲೆ ಕೆಳದಿಯ ಜೊತೆ 1671ರಲ್ಲಿ, 1678ರಲ್ಲಿ ಮಾಡಿಕೊಂಡ ಒಪ್ಪಂದಗಳಲ್ಲಿ ಪೋರ್ಚುಗೀಸರು ಪಟ್ಟುಹಿಡಿದು ಕೇಳಿದ್ದು ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ವ್ಯಾಪಾರದ ಕೋಠಿಗಳನ್ನು, ಮತ್ತು ಅಕ್ಕಿಯನ್ನು. ಚಿತ್ರದಲ್ಲಿರುವ ಕುದುರೆಗೂ ಇಂಥದೇ ಒಂದು ಕಥೆಯಿದೆ: ಹೊರ್ಮುಜ್‌ನಿಂದ ಗೋವೆಗಿಳಿದ ಅರಬ್ಬೀ ಕುದುರೆಗಳನ್ನು ದೊಡ್ಡ ಬೆಲೆಗೆ ಕೊಳ್ಳುತ್ತಿದ್ದುದು ವಿಜಯನಗರ. 1565ರ ಯುದ್ಧದ ಸೋಲಿನ ನಂತರ ಆ ಗಿರಾಕಿ ಕ್ಷೀಣಿಸಿದ. ಗೋವೆಯ ಸುಂಕದ ಆದಾಯವೂ ಇಳಿಯಿತು. ಬಂದರಿನ ಏಳುಬೀಳು ಬಂದರಿನಲ್ಲೇ ನಿರ್ಧಾರವಾಗುತ್ತಿರಲಿಲ್ಲ.

ಕೊನೆಯ ಆಕ್ಷೇಪ ಇಂದಿನ ಅಳತೆಗೋಲಿನ ಬಗೆಗಿನದು. ಹದಿನಾರನೆಯ ಶತಮಾನದಲ್ಲಿ ಆಳುಗಳನ್ನು ಕೊಳ್ಳುವುದು ಬಿಜಾಪುರದಲ್ಲೂ ಇತ್ತು, ಹೊರ್ಮುಜ್‌ನಲ್ಲೂ ಇತ್ತು; ನಮ್ಮ ನಾಡಿನ ಜೀತ, ಅಸ್ಪೃಶ್ಯತೆಗಳೂ ಮನುಷ್ಯನ ಮೈಯನ್ನು ಇನ್ನೊಬ್ಬನ ಸ್ವತ್ತಾಗಿಸಿದ್ದವು; ಆಗಿನವರಿಗೆ ಅದು ತಪ್ಪೆಂದೇ ತೋರುತ್ತಿರಲಿಲ್ಲ, ಅವರನ್ನು ಈಗ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ ಎಂಬ ಮಾತು. ಇದರ ಮೊದಲರ್ಧ ಸರಿ. ಎರಡನೆಯರ್ಧಕ್ಕೆ ದಾಖಲೆಗಳೇ ವಿರುದ್ಧ. 1567ರಲ್ಲಿ ಗೋವೆಯಲ್ಲೇ ಸೇರಿದ ಧರ್ಮಸಭೆ ಮನುಷ್ಯರನ್ನು ಆಳಾಗಿಸಿಕೊಳ್ಳುವುದಕ್ಕೆ ಯಾವ ಕಾರಣಗಳು ನ್ಯಾಯವಾದವು, ಯಾವುವು ಅಲ್ಲ ಎಂದು ಚರ್ಚಿಸಿ ನಿರ್ಣಯ ಮಾಡಿತು. ನ್ಯಾಯದ ಪ್ರಶ್ನೆ ಏಳದಿದ್ದರೆ ನಿರ್ಣಯದ ಅಗತ್ಯವೇ ಇರಲಿಲ್ಲ. 1570ರಲ್ಲಿ ಪೋರ್ಚುಗಲ್ಲಿನ ದೊರೆ ಸೆಬಾಸ್ತಿಯನ್ ಜಪಾನೀಯರನ್ನು ಆಳಾಗಿಸುವುದನ್ನು ಕಾನೂನಿನಿಂದ ನಿಷೇಧಿಸಿದ; ಆಮೇಲೂ ಆ ಮಾರಾಟ ನಿಲ್ಲಲಿಲ್ಲ. ಅಂದರೆ ತಪ್ಪು ಎಂಬ ಅರಿವು ಆ ಕಾಲದ್ದೇ. ಅರಿವಿದ್ದೂ ಕೈಬಿಡಲಾಗದಷ್ಟು ಊರು ಆ ದುಡಿಮೆಗೆ ಕಟ್ಟುಬಿದ್ದಿತ್ತು. ಮಾರಾಟವಾದವರ ಅಭಿಪ್ರಾಯವೇನೆಂಬುದು ಲಿಖಿ‍ತವಾಗಿ ಉಳಿದದ್ದು ಬಹಳ ಕಡಿಮೆ, ಆದರೆ ಅವರ ನಡತೆ ಉಳಿದಿದೆ: ಅವರು ಓಡಿಹೋದರು. ಗೋವೆಯ ಗಡಿ ದಾಟಿದರೆ ಆಗ ಆದಿಲ್‌ಶಾಹಿಯ ನೆಲ, ಮುಂದೆ ಸಹ್ಯಾದ್ರಿಯ ಕಾಡು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಕಾಡಂಚಿನಲ್ಲಿ, ಬೆಳಗಾವಿಯ ಖಾನಾಪುರದಲ್ಲಿ, ಧಾರವಾಡದ ಕೆಲವು ಹಳ್ಳಿಗಳಲ್ಲಿ ನೆಲೆಸಿದ ಸಿದ್ದಿಗಳ ಪೂರ್ವಿಕರಲ್ಲಿ ಹಲವರು ಹೀಗೆ ಗೋವೆಯಿಂದ ತಪ್ಪಿಸಿಕೊಂಡು ಬಂದವರೆಂದು ಸಂಶೋಧಕರು ಹೇಳುತ್ತಾರೆ. ಎಲ್ಲರೂ ಅಲ್ಲಿಂದಲೇ ಬಂದವರೆನ್ನಲಾಗದು. ದಖನ್ನಿನ ಸುಲ್ತಾನರ ಸೇನೆಗಳಲ್ಲೂ ಆಫ್ರಿಕದವರಿದ್ದರು. ಅವರಲ್ಲಿ ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. ಮನೆಮಾತು ಬಹುಮಟ್ಟಿಗೆ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಇತ್ತ ಕರಾವಳಿಯಲ್ಲಿ, ಗೋವೆಯ ಗುಡಿಗಳು ಉರುಳಿದ ಕಾಲದಿಂದ ತೆಂಕಣಕ್ಕೆ ಬಂದ ಕೊಂಕಣಿ ಹಿಂದೂಗಳೂ, ಮುಂದೆ ಬಂದ ಕೊಂಕಣಿ ಕ್ರೈಸ್ತರೂ ಭಟ್ಕಳ, ಬಸರೂರು, ಮಂಗಳೂರುಗಳಲ್ಲಿ ಬೇರೂರಿ ವ್ಯಾಪಾರ, ಬೇಸಾಯ, ವಿದ್ಯೆಗಳಲ್ಲಿ ಮುಂದೆ ಬಂದರು. ತಮ್ಮ ಮನೆತನಗಳ ಚರಿತ್ರೆ ಬರೆಸಿಕೊಂಡರು, ದೇವಸ್ಥಾನ ಇಗರ್ಜಿಗಳನ್ನು ಕಟ್ಟಿಕೊಂಡರು. ಸಿದ್ದಿಗಳಿಗೆ ಆ ಅನುಕೂಲ ಒದಗಲಿಲ್ಲ. ಅಡಕೆ ತೋಟಗಳಲ್ಲಿ ಕೂಲಿ ಮಾಡಿ, ಪಟ್ಟಾ ಇಲ್ಲದ ಕಾಡುನೆಲವನ್ನು ಉತ್ತು ಬದುಕಿದ ಈ ಸಮುದಾಯಕ್ಕೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಗೋವೆಯ ಸಾಮಾಜಿಕ ಚರಿತ್ರೆಯನ್ನು ಹಳೇ ಗೋವೆಯ ಇಗರ್ಜಿಗಳ ಕಲ್ಲಿನಲ್ಲಿ ಹುಡುಕುವವರು ಯಲ್ಲಾಪುರದ ಕಡೆಗೂ ಬರಬೇಕು. ಆ ಊರನ್ನು ಹೊತ್ತವರಲ್ಲಿ ಕೆಲವರ ವಂಶದವರು ಅಲ್ಲಿ ಇವತ್ತಿಗೂ ಉಳುವ ನೆಲದ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದಿದ್ದಾರೆ.